ಹಲ್ಲಲ್ಲಿ ಕಚ್ಚಿದ ದಾರ

ಓಷ್ ಪೇಟೆಯಲ್ಲಿ ಮದುವಣಗಿತ್ತಿಯರ ಉಡುಪು ಹೊಲಿಯುತ್ತಲೇ ತಲೆ ನರೆಸಿಕೊಂಡವಳು ಬುರುಲ್. ಜಿಪ್ಪನ್ನು ಮಡಿಕೆಯ ಪಟ್ಟಿಯಡಿ ಅಡಗಿಸಿಡುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. "ಸೊಸೆ ಹಲ್ಲೂ ಜಿಪ್ಪಿನ ಹಲ್ಲೂ ಹೊರಗೆ ಕಾಣ್ಬಾರ್ದು ಕಣ್ರೇ" ಎಂದು ನಗಿಸುತ್ತಿದ್ದಳು.

ಅಂಥ ಬುರುಲ್‌ಗೆ ಇವತ್ತು ಜೀವ ಬಾಯಿಗೆ ಬಂದಿತ್ತು. ಗಂಡಿನ ಕಡೆಯ ಕಾರುಗಳು ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದವು. ಮದುಮಗಳು ಗುಲ್ಬಾರಳ ಬೆನ್ನ ಮೇಲೆ ಪಟ್ಟಿ ಬಾಯ್ಬಿಟ್ಟು ಜಿಪ್ಪಿನ ಹಲ್ಲೆಲ್ಲ ಕಾಣುತ್ತಿತ್ತು. ಉಡುಪು ಬಿಚ್ಚಿಸಿ ಹೊಲಿಯಲು ಹೊತ್ತಿಲ್ಲ. ಮೈಮೇಲಿದ್ದಂತೆಯೇ ಹೊಲಿದರೆ ಬಟ್ಟೆಯ ಜೊತೆ ನೆನಪೂ ಹೊಲಿದುಹೋಗುತ್ತದೆ, ಹಲ್ಲಲ್ಲಿ ದಾರ ಕಚ್ಚಿಕೊಂಡರೆ ಮಾತ್ರ ಉಳಿಯುತ್ತದೆ ಎಂಬುದು ಅಲ್ಲಿನ ನಂಬಿಕೆ. ಅದಕ್ಕೇ ಹುಡುಗಿಯ ಹಲ್ಲಿಗೆ ತುಂಡು ದಾರ ಕಚ್ಚಿಸಿ ಸೂಜಿ ಹಿಡಿದಳು.

ನಾಲ್ಕು ಹೊಲಿಗೆ ಬಿದ್ದಿರಲಿಲ್ಲ, ಗುಲ್ಬಾರ ದಾರವನ್ನು ಉಗಿದುಬಿಟ್ಟಳು.

"ಅಯ್ಯೋ, ಕಚ್ಕೊಳೇ! ಎಲ್ಲಾ ಮರ್ತುಹೋಗುತ್ತೆ!"

"ಹೋಗ್ಲಿ ಬಿಡು, ಬುರುಲಕ್ಕ. ಈ ಮದ್ವೆ ಬೇಡ ಅಂತ ನಾನು ಅತ್ತಿದ್ದೂ ಮರ್ತುಹೋಗ್ಲಿ."

ಹೊರಗೆ ಹಾರನ್ ಇನ್ನೂ ಜೋರಾಯಿತು. ಬುರುಲ್ ಹೊಸ ದಾರ ಕಡಿದು ಹುಡುಗಿಯ ತುಟಿಗೆ ಹಿಡಿದಳು.

"ಕಚ್ಕೋ ಮಗಳೇ. ನನ್ ಮದ್ವೆ ದಿನ ನಾನೂ ಹಿಂಗೇ ಉಗಿದಿದ್ದೆ. ಅತ್ತಿದ್ದು ಮರೀಲಿಲ್ಲ, ತವರಿನ ದಾರಿ ಮಾತ್ರ ಮರ್ತೋಯ್ತು."