ಪ್ಲೈವುಡ್ ಪಿಯಾನೊದ ಹೂವಪ್ಪ

ನಮ್ಮ ನಾಟಕ ತಂಡದ ಇಪ್ಪತ್ತೈದನೇ ವರ್ಷದ ಪುಸ್ತಕಕ್ಕೆ ನಿಮ್ಮ ಗಂಡನ ಬಗ್ಗೆ ಬರೆದು ಕೊಡಿ ಎಂದು ಯೋಗೀಶ್ ಹೇಳಿದ. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಮೀನು ಮಾರುವವಳು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯ ಮಾತ್ರ ಬದಲಿಸಬೇಡಿ.

ಅವರ ಹೆಸರು ಹೂವಪ್ಪ. ಊರು ಎರ್ಮಾಳ್. ಹದಿನಾರನೇ ವರ್ಷದಿಂದ ಕೈರಂಪಣಿಯವರ ಜೊತೆ ದಡದಲ್ಲಿ ನಿಂತು ಬಲೆ ಎಳೆದರು. ಮೂವತ್ತು ವರ್ಷ ಹಗ್ಗ ಹಿಡಿದ ಕೈ. ಅಂಗೈ ತೆಂಗಿನ ಚಿಪ್ಪಿನ ಹಾಗೆ ಇತ್ತು. ಶನಿವಾರ ಭಜನಾ ಮಂದಿರದಲ್ಲಿ ಅದೇ ಕೈಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಯಾರೂ ಕಲಿಸಿದ್ದಲ್ಲ.

ಒಂದು ದಿನ ಬಲೆ ಎಳೆಯುವಾಗ ಬಲ ಭುಜ ಕೈಕೊಟ್ಟಿತು. ಮತ್ತೆ ಹಗ್ಗ ಹಿಡಿಯುವ ಹಾಗಿಲ್ಲ ಎಂದರು ಡಾಕ್ಟರು. ಆರು ತಿಂಗಳು ಜಗಲಿಯಲ್ಲಿ ಕೂತರು. ಊಟಕ್ಕೆ ಕರೆದರೂ ಏಳುವುದಿಲ್ಲ. ಆಗ ಕಾಪುವಿನ ನಾಟಕ ತಂಡದ ಯೋಗೀಶ್ ಬಂದು, ಹೂವಪ್ಪಣ್ಣ, ಸೌಂಡಿಗೆ ಜನ ಬೇಕು ಎಂದ. ಗುಡುಗು, ಮಳೆ, ಬಾಗಿಲು, ನಾಯಿ ಎಲ್ಲ ಇವರದ್ದೇ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಹುಡುಗ ಹಾಸ್ಟೆಲಿನ ಸಾಮಾನು ಮಾರುವಾಗ ಅವನ ಲ್ಯಾಪ್‌ಟಾಪ್, ಚಿಕ್ಕ ಕೀಬೋರ್ಡು, ಕಾಲಲ್ಲಿ ಒತ್ತುವ ಪೆಡಲು ಇವರು ತಂದರು. ಅದರ ಒಳಗೆ ಪಿಯಾನೊ ಉಂಟು ಎಂದರು. ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಹೊಸ ನಾಟಕ ಬಂತು. ಕಾರ್ಕಳದ ಒಬ್ಬ ಸಂಗೀತ ಟೀಚರಿನ ಕತೆ. ವೇದಿಕೆಯಲ್ಲಿ ಪ್ಲೈವುಡ್ಡಿನ ಪಿಯಾನೊ. ತೃಪ್ತಿ ಎಂಬ ಹುಡುಗಿ ಕೈ ಆಡಿಸಬೇಕು, ಶಬ್ದ ಲ್ಯಾಪ್‌ಟಾಪಿನಿಂದ ಬರಬೇಕು. ಇವರು ಖುಷಿಯಲ್ಲಿ ಬಾರಿಸಿ ರೆಕಾರ್ಡ್ ಮಾಡಿ ರಿಹರ್ಸಲಿಗೆ ಕೊಂಡುಹೋದರು. ನಾನೂ ಹೋಗಿದ್ದೆ.

ಯೋಗೀಶ್ ಕೇಳಿದ. "ಹೂವಪ್ಪಣ್ಣ, ಇದು ಪಿಯಾನೊ ಅಲ್ಲ ಮಾರಾಯ್ರೆ. ಬೀಚಿನ ಐಸ್‌ಕ್ರೀಂ ಗಾಡಿ."

ಎಲ್ಲರೂ ನಗಾಡಿದರು. ಇವರೂ ನಗಾಡಿದರು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿದ್ದ ನಾಲ್ಕು ಬಗೆಯ ಪಿಯಾನೊವನ್ನೂ ಹಾಕಿ ನೋಡಿದರು. ಎಲ್ಲ ಒಂದೇ ಹಾಗೆ ಟಣ್ ಟಣ್. ಮತ್ತೆ ದೊಡ್ಡ ಹಾಲಿನಲ್ಲಿ ಬಾರಿಸಿದ ಹಾಗೆ ಕೇಳಲಿ ಎಂದು ಮಾರ್ದನಿ ಜಾಸ್ತಿ ಮಾಡಿದರು.

"ಈಗ ಗಾಡಿ ಬಾವಿಗೆ ಬಿದ್ದಿದೆ" ಎಂದ ಯೋಗೀಶ್, ಮುಂದಿನ ರಿಹರ್ಸಲಿನಲ್ಲಿ. ಆಮೇಲೆ ನಗಾಡದೆ ಹೇಳಿದ, "ಹಿರಿಯಡ್ಕದ ಶೋಗೆ ಹತ್ತು ದಿನ ಉಂಟು. ಆಗದಿದ್ದರೆ ಹೇಳಿ, ಬೇರೆಯವರಿಂದ ಮಾಡಿಸ್ತೇನೆ. ನೀವು ಬೆಲ್ಲು ನೋಡಿಕೊಳ್ಳಿ."

ಬೆಲ್ಲು ಎಂದರೆ ಪರದೆ ಏಳುವಾಗ ಒಂದು ಸಲ ಒತ್ತುವುದು. ಮನೆಗೆ ಬರುವ ಬಸ್ಸಿನಲ್ಲಿ ಇವರು ಕಿಟಕಿ ಕಡೆ ಮುಖ ಮಾಡಿ ಕೂತರು. ಭುಜ ಹೋದಾಗಲೂ ಹೀಗೆಯೇ ಕೂತದ್ದು. ಇನ್ನೊಮ್ಮೆ ಜಗಲಿಗೆ ಹೋದರೆ ಈ ಮನುಷ್ಯ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನಿಜವಾದ ಪಿಯಾನೊ ನೀವು ನೋಡಿದ್ದು ಉಂಟಾ?" ಎಂದೆ.

"ಇಲ್ಲ."

"ಮತ್ತೆ ಎಂತ ಮಾಡುವುದು? ನೋಡಿ ಬರುವ."

ಕಾರ್ಕಳದಲ್ಲಿ ಗ್ಲ್ಯಾಡಿಸ್ ಟೀಚರ್ ಎಂದು ಇದ್ದರು. ನನ್ನಿಂದ ಮೀನು ತೆಗೆದುಕೊಳ್ಳುವವರ ದೊಡ್ಡಮ್ಮ. ಅವರ ಮನೆಯಲ್ಲಿ ಹಳೆ ಪಿಯಾನೊ ಇತ್ತು. ಹೋದೆವು. ಟೀಚರ್ ಇವರನ್ನು ಕೂರಿಸಿ, ಬಾರಿಸಿ ಎಂದರು. ಇವರು ಬಾರಿಸಿದರು. ಗೋಡೆಯ ಫೋಟೊ ಅಲ್ಲಾಡಿತು.

"ದೋಣಿಗೆ ಮೊಳೆ ಹೊಡೆಯುವುದಾ?" ಎಂದರು ಟೀಚರ್. "ನೀವು ಎಂತ ಕಲಿತದ್ದು?"

"ಹಾರ್ಮೋನಿಯಂ."

"ಹಾಗೆ ಹೇಳಿ. ಅದರಲ್ಲಿ ಗಾಳಿ ಎಷ್ಟೋ ಶಬ್ದ ಅಷ್ಟು. ಬೆರಳು ಹೇಗೆ ಬಿದ್ದರೂ ನಡೆಯುತ್ತದೆ. ಇದರಲ್ಲಿ ಬೆರಳೇ ಎಲ್ಲ."

ಆಮೇಲೆ ಅವರು ಬಾರಿಸಿದರು. ನನ್ನ ಕೈ ತೆಗೆದು ಪಿಯಾನೊದ ಮರದ ಮೇಲೆ ಇಟ್ಟರು. ಶಬ್ದ ಮರದ ಒಳಗಿಂದ ಕೈಗೆ ಬಂತು. ಕಾಲು ಪೆಡಲಿನಿಂದ ಎತ್ತುವಾಗ ಬೇರೆ ಮನೆಯಲ್ಲಿ ಬಾಗಿಲು ಹಾಕಿದ ಹಾಗೆ ಒಂದು ಸಣ್ಣ ಸದ್ದು. ಇವರು ತಲೆ ಬಗ್ಗಿಸಿ ಆ ಸದ್ದನ್ನೇ ಕೇಳುತ್ತಿದ್ದರು.

ಮಾರನೇ ದಿನ ಬೆಳಿಗ್ಗೆ ಇವರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ನಾನು ಚಾ ಕೊಡಲು ಹೋದೆ. ಪರದೆಯ ಮೇಲೆ ಸಾಲಾಗಿ ಕಡ್ಡಿಗಳು. ಎಲ್ಲ ಒಂದೇ ಎತ್ತರ. ಒಂದೊಂದು ಕಡ್ಡಿಯ ಮೇಲೆ ಬಾಣ ಇಟ್ಟರೆ ನಂಬರು ಬರುತ್ತಿತ್ತು. ನೂರಿಪ್ಪತ್ತೇಳು, ನೂರಿಪ್ಪತ್ತೇಳು, ನೂರಿಪ್ಪತ್ತೇಳು.

"ಇದೆಂತ?"

"ಬೆರಳು ಎಷ್ಟು ಜೋರಾಗಿ ಬಿತ್ತು ಅಂತ."

"ಇದಕ್ಕಿಂತ ಮೇಲೆ ಉಂಟಾ?"

"ಇಲ್ಲ. ಅದೇ ಕೊನೆ."

"ಬುಟ್ಟಿಯಲ್ಲಿದ್ದ ಮೀನೆಲ್ಲ ಒಂದೇ ತೂಕವಾ?" ಎಂದೆ.

ಅವರು ಮೊದಲಿನಿಂದ ಒಂದೊಂದೇ ನಂಬರು ಮತ್ತೆ ನೋಡಿದರು. ಚಾ ತಣ್ಣಗಾಯಿತು. ಅಷ್ಟು ದಿನ ಲ್ಯಾಪ್‌ಟಾಪಿನದ್ದು ತಪ್ಪು ಎಂದು ಎಲ್ಲರೂ ಹೇಳಿದ್ದು. ಅದರ ಒಳಗೆ ಪಿಯಾನೊದ ಒಂದೊಂದು ಕೀಲಿಗೂ ಮೆಲ್ಲಗೆ ಬಾರಿಸಿದ್ದು, ಸಾಧಾರಣ ಬಾರಿಸಿದ್ದು, ಜೋರು ಬಾರಿಸಿದ್ದು ಬೇರೆ ಬೇರೆ ಇತ್ತಂತೆ. ಹಗ್ಗದ ಕೈ, ಹಾರ್ಮೋನಿಯಂ ಅಭ್ಯಾಸ, ಎರಡೂ ಸೇರಿ ಜೋರಿನದ್ದು ಮಾತ್ರ ಎದ್ದದ್ದು.

ಮೊದಲು ಬಾಣದಲ್ಲಿ ಕಡ್ಡಿಗಳನ್ನು ಮೇಲೆ ಕೆಳಗೆ ಮಾಡಿದರು. ಕುಡಿದವನು ನಡೆದ ಹಾಗೆ ಕೇಳಿತು. ಅಳಿಸಿ ಹಾಕಿದರು. ಭಾರದ ಕೈಯನ್ನು ಸ್ವಲ್ಪ ಕಡಿಮೆ ಲೆಕ್ಕಕ್ಕೆ ಹಿಡಿಯುವ ಹಾಗೆ ಲ್ಯಾಪ್‌ಟಾಪಿನಲ್ಲಿ ಒಂದು ಸೆಟ್ಟಿಂಗ್ ಇತ್ತು, ಅದನ್ನು ಮಾಡಿದರು. ಉಳಿದದ್ದು ಕೈಯೇ ಕಲಿಯಬೇಕು. ಬೆರಳು ಮೆಲ್ಲಗೆ ಬೀಳುವುದು ಅವರಿಗೆ ಮೊದಲಿಗೆ ಬರಲೇ ಇಲ್ಲ.

ನಾನು ಬುಟ್ಟಿಯಿಂದ ಒಂದು ಬಂಗುಡೆ ತಂದು ಎದುರಿಗೆ ಇಟ್ಟೆ. "ತಾಜಾ ಉಂಟಾ ನೋಡಿ." ಮೀನನ್ನು ಒತ್ತಿ ನೋಡುವುದಕ್ಕೆ ಒಂದು ಹದ ಉಂಟು. ಒತ್ತಿದ್ದು ಮೇಲೆ ಬರಬೇಕು, ಮಾಂಸ ಒಡೆಯಬಾರದು. ಮೂರು ಬಂಗುಡೆ ಹಾಳು ಮಾಡಿದರು. ನಾಲ್ಕನೆಯದ್ದಕ್ಕೆ ಸರಿಯಾಯಿತು. "ಈಗ ಹಾಗೆ ಬಾರಿಸಿ, ಕೈ ತೊಳೆದು" ಎಂದೆ.

ಏಳು ದಿನ ಬೆಳಿಗ್ಗೆ ಕೂತು ಬಾರಿಸಿದರು. ಬಾವಿಯ ಹಾಗಿದ್ದ ಮಾರ್ದನಿ ತೆಗೆದು ಟೀಚರಿನ ಹಜಾರದಷ್ಟು ಮಾತ್ರ ಇಟ್ಟರು. ಪೆಡಲಿನ ಸಣ್ಣ ಸದ್ದು ಬೇಕಾದರೆ ಹಾಕಿಕೊಳ್ಳುವ ಹಾಗೆ ಇತ್ತು, ಹಾಕಿದರು. ಕೊನೆಗೆ ತಾಳಕ್ಕೆ ಬೆರಳು ಸ್ವಲ್ಪ ಹಿಂದೆ ಮುಂದೆ ಆದದ್ದನ್ನು ತಿದ್ದಲಿಲ್ಲ. "ಬಲೆ ಎಳೆಯುವಾಗ ಎಲ್ಲರ ಕೈ ಒಟ್ಟಿಗೇ ಬೀಳುವುದಿಲ್ಲ ಅಲ್ವಾ" ಎಂದರು.

ರಿಹರ್ಸಲಿನಲ್ಲಿ ಹಾಕಿದರು. ಯೋಗೀಶ್ ಕೇಳಿ ತೃಪ್ತಿಯನ್ನು ಬೈದ. "ಎಂತ ತೃಪ್ತಿ, ಪಿಯಾನೊ ನಿಜ ಹೇಳ್ತಾ ಉಂಟು, ನಿನ್ನ ಕೈ ಸುಳ್ಳು ಹೇಳ್ತಾ ಉಂಟು. ಸರಿ ಆಡಿಸು." ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಬೆಲ್ಲು ಬೇರೆಯವರು ಒತ್ತಿದರು.

ಹಿರಿಯಡ್ಕ ಆಯಿತು, ಹೆಬ್ರಿ ಆಯಿತು. ಕಾರ್ಕಳದ ಶೋಗೆ ಗ್ಲ್ಯಾಡಿಸ್ ಟೀಚರ್ ಬಂದಿದ್ದರು. ನಾಟಕ ಮುಗಿದ ಮೇಲೆ ಕೋಲು ಊರಿಕೊಂಡು ವೇದಿಕೆ ಹತ್ತಿ ಪಿಯಾನೊದ ಮುಚ್ಚಳ ಎತ್ತಿದರು. ಒಳಗೆ ಒಂದು ಸ್ಪೀಕರು, ತೃಪ್ತಿಯ ಚಪ್ಪಲಿ, ಅಷ್ಟೇ. ಟೀಚರ್ ಮುಚ್ಚಳ ಇಳಿಸಿದರು.

"ಹೂವಪ್ಪ, ಪೆಡಲಿಗೆ ಎಣ್ಣೆ ಹಾಕಿಸಿ ಅಂತ ಹೇಳಲಿಕ್ಕೆ ಬಂದೆ ನಾನು" ಎಂದರು.

"ಹಾಕಿಸ್ತೇನೆ ಟೀಚರ್" ಎಂದರು ಇವರು.

ಕಳೆದ ವರ್ಷ ಆಗಸ್ಟಿನಲ್ಲಿ ಹೋದರು. ಬೆಳಿಗ್ಗೆ ಚಾ ಕುಡಿದರು, ಹತ್ತು ಗಂಟೆಗೆ ಇಲ್ಲ. ಹೃದಯ ಎಂದರು ಡಾಕ್ಟರು. ಮೀನಿನ ಬುಟ್ಟಿ ಇಳಿಸಿ ಬರುವಷ್ಟು ಸಮಯ ಕೂಡ ನನಗೆ ಸಿಗಲಿಲ್ಲ. ಅದನ್ನು ಜಾಸ್ತಿ ಬರೆಯುವುದಿಲ್ಲ.

ನಾಟಕ ಈಗಲೂ ನಡೆಯುತ್ತದೆ. ಹೊಸದಾಗಿ ಸೌಂಡಿಗೆ ಬಂದ ಉಜ್ವಲ್ ಒಳ್ಳೆಯವನು, ಕಲಿತವನು. ಹಿಂದೆ ಮುಂದೆ ಆದದ್ದನ್ನೆಲ್ಲ ಒಂದೇ ಸಲ ಸರಿ ಮಾಡಬಹುದು ಸರಸಕ್ಕ ಎಂದ. ಬೇಡ ಎಂದೆ. ಅವನನ್ನು ಕೂರಿಸಿ ಆ ಕಡ್ಡಿಗಳನ್ನು ತೆರೆಸಿದೆ. ಓದು ಎಂದೆ. ಐವತ್ತೆಂಟು, ನಲವತ್ತೊಂದು, ಅರವತ್ತಮೂರು, ಮೂವತ್ತೇಳು. ಒಂದರ ಹಾಗೆ ಇನ್ನೊಂದಿಲ್ಲ. ರೆಕಾರ್ಡ್ ಮಾಡಿದ ಆ ಬೆಳಿಗ್ಗೆ ಅವರ ಬೆರಳು ಎಷ್ಟು ಭಾರ ಬಿತ್ತು ಎಂದು ಅದರಲ್ಲಿ ಉಂಟು. ಅಕ್ಷರ ನನಗೆ ತಡವರಿಸುತ್ತದೆ, ನಂಬರು ತಡವರಿಸುವುದಿಲ್ಲ. ಉಜ್ವಲ್ ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ಆ ಮಾತು ಎತ್ತಲಿಲ್ಲ.

ಎಲ್ಲಕ್ಕಿಂತ ಕೊನೆಯ ಕಡ್ಡಿ, ಟೀಚರ್ ಪಾತ್ರ ಎದ್ದು ಹೋಗುವಾಗಿನದ್ದು, ಇಪ್ಪತ್ತೊಂಬತ್ತು. ಮೂವತ್ತು ವರ್ಷ ಬಲೆ ಎಳೆದ ಕೈ ಅಷ್ಟು ಮೆಲ್ಲಗೆ ಇಳಿದಿದೆ. ಪುಸ್ತಕದಲ್ಲಿ ಅಚ್ಚು ಹಾಕುವಾಗ ಆ ನಂಬರು ತಪ್ಪದ ಹಾಗೆ ನೋಡಿಕೊಳ್ಳಿ.