ಸೋಡಿಯಂ ನೂರ ಹನ್ನೊಂದು

ಮನೆಗೆ ಬಂದವರಿಗೆಲ್ಲ ಅಪ್ಪ ಹೇಳುವ ಕಥೆ ಚಿಕ್ಕದು. ಅಕ್ಕನ ಮೈಯಲ್ಲಿ ಉಪ್ಪು ಕಡಿಮೆಯಾಯಿತು, ಉಪ್ಪಿಲ್ಲದೆ ಮಿದುಳಿನ ಕರೆಂಟ್ ಹೋಯಿತು, ಮಗಳು ಸರಿಯಾದ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿದಳು, ಡ್ರಿಪ್ ಹಾಕಿದರು, ಕರೆಂಟ್ ವಾಪಸ್ ಬಂತು. ಕೇಳಿದವರು ನನ್ನ ಕಡೆ ತಿರುಗಿ ಮೆಚ್ಚಿಕೊಳ್ಳುತ್ತಾರೆ.

ಕರೆಂಟ್ ಹೋಗಿರಲಿಲ್ಲ. ಸರಿಯಾದ ಹೊತ್ತು ಎಂಬುದೂ ನಿಜವಲ್ಲ, ಹತ್ತು ದಿನ ತಡವಾಗಿತ್ತು. ಆ ಹತ್ತು ದಿನದಲ್ಲೂ ಅದಕ್ಕೆ ಮುಂಚೆಯೂ ಮಗಳು ಏನು ಮಾಡಿದಳು ಎಂಬುದು ಈ ಕಥೆಯಲ್ಲಿ ಬರುವುದೇ ಇಲ್ಲ. ನಾನು ಕಾನೂನು ಓದುತ್ತಿರುವವಳು. ಕಾಲೇಜಿನ ಡಿಬೇಟ್ ಟೀಮಿನಲ್ಲಿ ನಾಲ್ಕು ವರ್ಷ ಬೇರೆಯವರ ಕಥೆಯಲ್ಲಿ ತೂತು ಹುಡುಕಿದ್ದೇನೆ. ನನ್ನನ್ನು ಹೊಗಳುವ ಕಥೆಯಾದರೆ ಬಿಡಬೇಕೆಂದು ಎಲ್ಲೂ ಇಲ್ಲ.

ಅಕ್ಕ ಎಂದರೆ ಅಪ್ಪನ ಅಕ್ಕ, ನನ್ನ ಸೋದರತ್ತೆ. ಅರವತ್ತೆಂಟು ವರ್ಷ. ಮದುವೆಯಾಗಲಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದಳು. ವಕೀಲರು ಎಷ್ಟು ಬೇಗ ಮಾತಾಡಿದರೂ ಅವಳ ಶಾರ್ಟ್‌ಹ್ಯಾಂಡ್ ತಪ್ಪುತ್ತಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಅವಳ ಕೋರ್ಟು ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ನಾನು ಹತ್ತನೇ ಕ್ಲಾಸಿನಲ್ಲಿ ಮೊದಲ ಸಲ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಾಗ, "ಎದುರು ಪಾರ್ಟಿ ಹೇಳೋದನ್ನ ಪೂರ್ತಿ ಬರ್ಕೋ. ಆಮೇಲೆ ಬಾಯಿ ಬಿಡು" ಎಂದು ಕಲಿಸಿದವಳು ಅವಳು.

ಮೊದಲ ಲಕ್ಷಣ ಒಂದು ಸೌಟು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅತ್ತೆ ಸಾರಿನ ಪಾತ್ರೆ ಕಡೆ ಕೈ ತೋರಿಸಿ, "ಅದು ಕೊಡೆ... ಅದೇ, ಬಡಿಸೋದು" ಎಂದಳು. ಪದ ಬರಲಿಲ್ಲ. ಅಮ್ಮ ಸೌಟು ಕೊಟ್ಟಳು, ಊಟ ಮುಂದುವರಿಯಿತು. ಎರಡು ದಿನ ಬಿಟ್ಟು ಹೊಟ್ಟೆ ತೊಳೆಸುತ್ತಿದೆ ಎಂದಳು. ಆಮೇಲೆ ಗೋಡೆ ಹಿಡಿದು ನಡೆಯತೊಡಗಿದಳು. ಪಕ್ಕದ ಮನೆ ಆಂಟಿ, "ವಯಸ್ಸಾಯ್ತಲ್ಲಮ್ಮ, ಇನ್ನೇನು" ಎಂದರು. ಯಾವುದನ್ನೂ ಪರೀಕ್ಷೆ ಮಾಡದೆ ವಯಸ್ಸಿನ ತಲೆಗೆ ಕಟ್ಟುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನೇ ಪರೀಕ್ಷೆ ಮಾಡಿದೆ. ನೂರರಿಂದ ಏಳೇಳು ಕಳೆಯುತ್ತಾ ಹೋಗು ಅಂದೆ. ತೊಂಬತ್ತಮೂರಕ್ಕೆ ನಿಂತಳು. ಮರೆವಿನ ಕಾಯಿಲೆ ಎಂದು ನಾನು ಮೊದಲೇ ಅಂದುಕೊಂಡಿದ್ದೆ. ಭಯವಾಗಬೇಕಿದ್ದ ಜಾಗದಲ್ಲಿ ನನಗೆ ಮೊದಲು ಬಂದದ್ದು, ನನ್ನ ಅಂದಾಜು ಸರಿಯಿತ್ತು ಎಂಬ ಸಮಾಧಾನ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಮೆಮೊರಿ ಕ್ಲಿನಿಕ್ಕಿನಲ್ಲಿ ಎರಡು ವಾರದ ನಂತರದ ಅಪಾಯಿಂಟ್‌ಮೆಂಟ್ ಸಿಕ್ಕಿತು. ಅಲ್ಲಿಯತನಕ ಮಿದುಳಿಗೆ ಒಳ್ಳೆಯದೆಂದು ಅವಳಿಗೆ ಇನ್ನೂ ಒಂದು ಲೋಟ ಜಾಸ್ತಿ ನೀರು ಕುಡಿಸಿದೆ.

ಸೌಟಿನ ಹೆಸರು ಮರೆತ ಹತ್ತನೇ ದಿನ, ಬೆಳಿಗ್ಗೆ ಎಂಟೂವರೆ. ಸ್ನಾನಕ್ಕೆ ಹೋಗಬೇಕಾದವಳು ಹಾಲ್‌ನಲ್ಲಿ ಕೂತು, "ಫೈಲ್ ಎಲ್ಲಿ? ಸಾಹೇಬ್ರು ಬಂದ್ಬಿಡ್ತಾರೆ" ಎಂದಳು. ಅವಳು ನಿವೃತ್ತಳಾಗಿ ಎಂಟು ವರ್ಷವಾಗಿತ್ತು. "ಯಾವ ಫೈಲ್ ಅಕ್ಕಾ?" ಎಂದು ಅಪ್ಪ ಕೇಳುವಷ್ಟರಲ್ಲಿ ಅವಳ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಕೈಕಾಲು ಸೆಟೆದುಕೊಂಡವು.

ಫಿಟ್ಸ್.

ಜಯನಗರದ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಗೆ ಒಯ್ದೆವು. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಡ್ಯೂಟಿ ಡಾಕ್ಟರ್ ಬ್ಲಡ್ ರಿಪೋರ್ಟ್ ಹಿಡಿದುಕೊಂಡು ಬಂದರು.

"ಸೋಡಿಯಂ ನೂರ ಹನ್ನೊಂದಿದೆ. ನೂರ ಮೂವತ್ತೈದರ ಮೇಲಿರ್ಬೇಕು. ಬಿಪಿಗೆ ಯಾವ ಮಾತ್ರೆ ತಗೋತಾರೆ?"

ಅಮ್ಮ ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಕೊಟ್ಟಳು.

"ಇದು ನೀರು ಹೊರಗೆ ಹಾಕೋ ಮಾತ್ರೆ, ಉಪ್ಪನ್ನೂ ಹಾಕುತ್ತೆ. ಶುರು ಮಾಡಿದ್ಮೇಲೆ ಬ್ಲಡ್ ಟೆಸ್ಟ್ ಮಾಡ್ಸಿದ್ರಾ?"

"ಇಲ್ಲ ಸಾರ್. ಯಾರೂ ಹೇಳ್ಲಿಲ್ಲ."

"ಊಟದಲ್ಲಿ ಉಪ್ಪು?"

ಅಮ್ಮ ನನ್ನ ಮುಖ ನೋಡಿದಳು.

"ಬಿಡಿಸಿದ್ವಿ" ಎಂದೆ. ಬಹುವಚನ ಸರಿಯಲ್ಲ ಅನ್ನಿಸಿತು. "ನಾನು ಬಿಡಿಸಿದೆ."

"ನೀರು ಎಷ್ಟು ಕುಡೀತಾರೆ?"

"ಮೂರು ಲೀಟರ್. ಸ್ವಲ್ಪ ಜಾಸ್ತಿನೇ."

ಅವರ ಪೆನ್ನು ನಿಂತಿತು. "ಯಾರು ಹೇಳಿದ್ದು ಮೂರು ಲೀಟರ್ ಅಂತ?"

ಫಿಟ್ಸ್‌ಗೆ ನಾಲ್ಕು ವಾರ ಮುಂಚಿನ ಮಾತು. ಅತ್ತೆಯ ಬಿಪಿ ಇಳಿಯುತ್ತಿಲ್ಲ ಎಂದು ನಾನು ಊಟದ ಮೇಜಿನ ಮೇಲೆ ಚರ್ಚೆ ಇಟ್ಟಿದ್ದೆ. ವಿಷಯ: ಈ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ನಿಲ್ಲಬೇಕು. ಅಪ್ಪ ಜಡ್ಜ್. ತಲಾ ಮೂರು ನಿಮಿಷ. ನಾನು ಪೂರ್ತಿ ಮೂರು ನಿಮಿಷ ಮಾತಾಡಿದೆ. ಅತ್ತೆಯ ಸರದಿ ಬಂದಾಗ ಅವಳು, "ಸರಿ ಕಣೆ ಚೈತ್ರಾ, ನೀನು ಹೇಳ್ದಂಗೇ ಆಗ್ಲಿ" ಎಂದು ಮಜ್ಜಿಗೆ ಕುಡಿದು ಎದ್ದುಹೋದಳು. ನಾನು ಗೆದ್ದ ಹುರುಪಿನಲ್ಲಿ ಒಂದು ಲೀಟರಿನ ಬಾಟಲಿ ತಂದು, ಮಾರ್ಕರಿನಲ್ಲಿ ಗೆರೆ ಎಳೆದು, ದಿನಕ್ಕೆ ಮೂರು ಸಲ ತುಂಬಿಸಿ ಕೊಡತೊಡಗಿದೆ. ಉಪ್ಪಿನ ಬಗ್ಗೆ ನಾನು ಗಂಟೆಗಟ್ಟಲೆ ಓದಿದ್ದೆ. ನೀರಿನ ಬಗ್ಗೆ ಒಂದು ಸಾಲು ಕೂಡ ಓದಿರಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ ಪ್ರತಿ ಮನೆಮದ್ದಿಗೂ ಆಧಾರ ಕೇಳಿ ನೆಂಟರ ಬಾಯಿ ಮುಚ್ಚಿಸುತ್ತಿದ್ದವಳು, ನೀರು ಹೆಚ್ಚು ಕುಡಿದರೆ ಒಳ್ಳೆಯದು ಎಂಬುದಕ್ಕೆ ಯಾರನ್ನೂ ಆಧಾರ ಕೇಳಲಿಲ್ಲ.

ಡಾಕ್ಟರಿಗೆ ಹೇಳಿದ್ದು ಇಷ್ಟೇ: "ನಾನೇ."

ಗಟ್ಟಿ ಉಪ್ಪುನೀರಿನ ಡ್ರಿಪ್ ಸ್ವಲ್ಪ ಹೊತ್ತು ಜೋರಾಗಿ ಕೊಟ್ಟರು. ಫಿಟ್ಸ್ ಮತ್ತೆ ಬರಲಿಲ್ಲ. ಐಸಿಯುಗೆ ಹಾಕಿದರು. ಸಂಜೆ ರೌಂಡ್ಸಿಗೆ ಬಂದ ಡಾಕ್ಟರ್ ಮೇಡಂ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಅಷ್ಟು ಹೊತ್ತಿಗೆ ಸೋಡಿಯಂ ನೂರ ಹದಿನಾರಾಗಿತ್ತು, ಡ್ರಿಪ್ ನಿಲ್ಲಿಸಿದ್ದರು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಉಪ್ಪು ಕಡಿಮೆ ಇದೆ ಅಂತೀರಿ, ಉಪ್ಪು ಕೊಡೋದು ನಿಲ್ಲಿಸ್ತೀರಿ. ಸೋಡಿಯಂ ಇಲ್ದೆ ನರಕ್ಕೆ ಸಿಗ್ನಲ್ ಹೋಗಲ್ಲ ಅಲ್ವಾ? ಕರೆಂಟ್ ಹೋದ ಮನೇಲಿ ಕರೆಂಟ್ ನಿಧಾನವಾಗಿ ಕೊಡ್ತೀನಿ ಅಂದ್ರೆ ಹೇಗೆ?"

"ಲಾ ಓದ್ತಿದೀರಾ?"

"ಫೈನಲ್ ಇಯರ್."

"ಅಂದ್ಕೊಂಡೆ" ಎಂದು ಅವರು ಕೇಸ್ ಶೀಟ್ ಮುಚ್ಚಿದರು. "ಫಿಟ್ಸ್ ಅಂದ್ರೆ ಕರೆಂಟ್ ಹೋಗೋದಲ್ಲ. ಎಲ್ಲಾ ಕಡೆ ಒಟ್ಟಿಗೆ ಹೊತ್ಕೊಳ್ಳೋದು. ನಿಮ್ಮ ಮೊದಲ್ನೇ ಪಾಯಿಂಟೇ ಬಿತ್ತು."

ನಿಂತೇ ಹತ್ತು ನಿಮಿಷ ಹೇಳಿದರು. ನಾನು ಫೋನಿನಲ್ಲಿ ಬರೆದುಕೊಂಡೆ. ನರಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಈ ವ್ಯತ್ಯಾಸವನ್ನು ಕಾಪಾಡುವ ಪಂಪುಗಳು ಕೋಶದ ಗೋಡೆಯಲ್ಲಿ ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತವೆ. ಗೋಡೆಯಲ್ಲಿ ಒಂದು ಬಾಗಿಲು ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ, ಅದರಿಂದ ಪಕ್ಕದ ಬಾಗಿಲು ತೆರೆಯುತ್ತದೆ, ಹೀಗೆ ವಿದ್ಯುತ್ತು ತಂತುವಿನ ಕೊನೆಯತನಕ ಓಡುತ್ತದೆ. ಅಲ್ಲಿಗೆ ದಾರಿ ಮುಗಿಯುತ್ತದೆ. ಮುಂದಿನ ಕೋಶಕ್ಕೂ ಇದಕ್ಕೂ ನಡುವೆ ಸಣ್ಣ ಸಂದು. ಸಂದನ್ನು ವಿದ್ಯುತ್ತು ದಾಟುವುದಿಲ್ಲ. ತುದಿಯಲ್ಲಿರುವ ಪುಟ್ಟ ಚೀಲಗಳು ಬಿಚ್ಚಿಕೊಂಡು ಒಂದು ರಾಸಾಯನಿಕವನ್ನು ಸುರಿಯುತ್ತವೆ, ಆಚೆಯ ಕೋಶ ಅದನ್ನು ಹಿಡಿದುಕೊಂಡು ತನ್ನ ಬಾಗಿಲು ತೆರೆಯುತ್ತದೆ. ಕೂಗಿ ಹೇಳಲಾಗದ ಕಡೆ ಚೀಟಿ ಕಳಿಸಿದ ಹಾಗೆ.

"ಒಳಗಿರೋ ಸೋಡಿಯಂ ಹತ್ತೋ ಹದಿನೈದೋ. ಹೊರಗೆ ನೂರ ಹನ್ನೊಂದು. ನುಗ್ಗೋಕೆ ಅಷ್ಟು ಸಾಕು. ತೊಂದ್ರೆ ಅದಲ್ಲ, ನೀರು" ಎಂದರು ಮೇಡಂ.

ಹೊರಗಿನ ಉಪ್ಪು ತೆಳುವಾದರೆ ನೀರು ಕೋಶದೊಳಕ್ಕೆ ಹೋಗುತ್ತದೆ. ಕೈ ಊದಿದರೆ ಬಳೆ ಬಿಗಿಯುತ್ತದೆ, ತೆಗೆಯಬಹುದು. ಮಿದುಳು ಊದಿದರೆ ಸುತ್ತ ಇರುವುದು ಮೂಳೆ. ಹಾಗಾಗಿ ಕೋಶಗಳು ದಿನಗಟ್ಟಲೆ ತಮ್ಮೊಳಗಿನ ಸಾಮಾನನ್ನೇ ಹೊರಗೆ ಹಾಕಿ ಜಾಗ ಮಾಡಿಕೊಳ್ಳುತ್ತವೆ. ಹಾಗೆ ಹೋಗುವುದರಲ್ಲಿ ಆ ಚೀಟಿಯ ರಾಸಾಯನಿಕಗಳೂ ಇರುತ್ತವೆ. ಪದ ಸಿಗದಿದ್ದದ್ದು ಅದಕ್ಕೇನಾ ಎಂದು ಕೇಳಿದೆ. "ಇರಬಹುದು" ಎಂದರು, ಖಚಿತವಾಗಿ ಹೇಳಲಿಲ್ಲ. ಆ ಕಾರಣಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು. ಖಾಲಿಯಾದ ಕೋಶದ ಹೊರಗೆ ಒಮ್ಮೆಲೇ ಉಪ್ಪು ಏರಿಸಿದರೆ ಕೋಶ ಮುದುಡಿಕೊಳ್ಳುತ್ತದೆ, ನರತಂತುಗಳ ಹೊದಿಕೆ ಹಾಳಾಗಬಹುದು. ಹಾಗಾದರೆ ಸಿಗ್ನಲ್ ನಿಜವಾಗಿಯೂ ನಿಲ್ಲುತ್ತದೆ. ಮಾತು ಹೋಗಬಹುದು. ನುಂಗುವುದೂ ಹೋಗಬಹುದು.

"ಅದು ಇವತ್ತೇ ಗೊತ್ತಾಗಲ್ಲ. ನಾಲ್ಕೈದು ದಿನ ಬಿಟ್ಟು ಕಾಣಿಸ್ಕೊಳ್ಳುತ್ತೆ. ಅದಕ್ಕೇ ದಿನಕ್ಕೆ ಎಂಟರ ಮೇಲೆ ಏರಿಸಲ್ಲ."

ಮಾರನೆಯ ಬೆಳಿಗ್ಗೆ ನರ್ಸ್ ಹೇಳಿದ ಸಂಖ್ಯೆ ನೂರ ಇಪ್ಪತ್ತೊಂದು.

ಹತ್ತು ಏರಿತ್ತು.

ಮಾತ್ರೆ ನಿಂತದ್ದೇ ಮೈಯಲ್ಲಿ ಉಳಿದಿದ್ದ ಹೆಚ್ಚಿನ ನೀರು ಮೂತ್ರವಾಗಿ ಸರಾಗವಾಗಿ ಹೋಗತೊಡಗಿ, ಯಾರೂ ಉಪ್ಪು ಕೊಡದಿದ್ದರೂ ಸೋಡಿಯಂ ತಾನಾಗಿ ಮೇಲಕ್ಕೆ ಓಡುತ್ತಿತ್ತು. ಹಿಂದಿನ ಸಂಜೆ ನಾನು ಬೇಡಿದ್ದು ಇದನ್ನೇ. ಈಗ ಏರಿದ್ದನ್ನು ಇಳಿಸಲು ಅವರು ಡೆಕ್ಸ್ಟ್ರೋಸ್ ನೇತುಹಾಕಿದರು, ಅಂದರೆ ಉಪ್ಪಿಲ್ಲದ ಸಕ್ಕರೆ ನೀರು, ಮತ್ತೆ ನೀರು. ಅಪ್ಪ ಕಾರಿಡಾರಿನಲ್ಲಿ ಸಿಡುಕಿದರು. "ನೀರಿಂದ ಹಿಂಗಾಯ್ತು ಅಂತಾರೆ, ನೀರೇ ಕೊಡ್ತಾರೆ. ಏನ್ ತಮಾಷೇನಾ?" ಅವರಿಗೆ ವಿವರಿಸಲು ಹೊರಟು ಅರ್ಧಕ್ಕೆ ನಿಲ್ಲಿಸಿದೆ.

ಮಧ್ಯಾಹ್ನ ನೂರ ಹತ್ತೊಂಬತ್ತಕ್ಕೆ ಇಳಿಯಿತು. ಆಮೇಲೆ ಅವರು ಬಯಸಿದಷ್ಟೇ ನಿಧಾನವಾಗಿ ಏರಿತು.

ಉಳಿದದ್ದು ಕಾಯುವುದು. ಒಂದೊಂದು ಚಮಚ ಗಂಜಿ ಕೊಟ್ಟು ನಾನು ಅತ್ತೆಯ ಗಂಟಲನ್ನೇ ನೋಡುತ್ತಿದ್ದೆ. ಮೇಲೆ ಹೋಗಿ ಕೆಳಗೆ ಬಂದರೆ ಮುಂದಿನ ಚಮಚ. ನರ್ಸ್ ದಿನಕ್ಕೆ ಎರಡು ಸಲ ಅವೇ ಪ್ರಶ್ನೆ ಕೇಳುತ್ತಿದ್ದರು. ಅಮ್ಮಾ, ಇದು ಯಾವ ಊರು? ಮೊದಲ ದಿನ ಅತ್ತೆ ಮೈಸೂರು ಎಂದಳು. ಮರುದಿನ ಬೆಂಗಳೂರು. ಮೂರನೆಯ ದಿನ ಊರು, ವಾರ ಎರಡೂ ಸರಿ. ಆದರೂ ಹೆದರಿಕೆ ಹೋಗಲಿಲ್ಲ. ಬೇಗ ಏರಿದ್ದರ ಪೆಟ್ಟು ಇರುವುದು ಹೀಗೆಯೇ ಎಂದಿದ್ದರು, ಮೊದಲು ಚೇತರಿಸಿಕೊಂಡು ಆಮೇಲೆ ಬೀಳುವುದು. ಅವಳ ಪ್ರತಿ ತೊದಲಿಗೂ ನಾನು ಎದ್ದು ನಿಲ್ಲುತ್ತಿದ್ದೆ.

ಆರನೆಯ ದಿನ ನರ್ಸ್ ಮತ್ತೆ ಕೇಳಿದರು. "ಅಮ್ಮಾ, ಇದು ಯಾವ ಜಾಗ?"

"ದಿನಾ ಎರಡು ಸಲ ಕೇಳ್ತೀಯಲ್ಲಮ್ಮ" ಎಂದಳು ಅತ್ತೆ. "ನಿನಗೂ ಯಾರಾದ್ರೂ ಬ್ಲಡ್ ಟೆಸ್ಟ್ ಮಾಡ್ಸಿದಾರಾ?"

ನರ್ಸ್ ನಕ್ಕರು. ನಾನು ಹೊರಗೆ ಹೋಗಿ, ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ.

ಡಿಸ್ಚಾರ್ಜ್ ದಿನ ಮೇಡಂಗೆ ಕೇಳಿದೆ, ಇದರಲ್ಲಿ ನನ್ನ ಪಾಲು ಎಷ್ಟು ಎಂದು.

"ಮುಖ್ಯವಾಗಿ ಮಾತ್ರೆ. ನೀರು ಜೊತೆಗೆ ಸೇರ್ಕೊಳ್ತು. ಉಪ್ಪು ಬಿಟ್ಟಿದ್ದರಿಂದ ಉಪಕಾರ ಏನೂ ಆಗ್ಲಿಲ್ಲ. ಪರ್ಸೆಂಟೇಜ್ ಕೇಳ್ಬೇಡಿ, ನನ್ಹತ್ರ ಇಲ್ಲ."

ಮನೆಗೆ ಬಂದು ಮೂರು ವಾರವಾಯಿತು. ಮಾತ್ರೆ ಬದಲಾಗಿದೆ. ಬಾಯಾರಿದರೆ ಮಾತ್ರ ನೀರು. ಮಜ್ಜಿಗೆಗೆ ಚಿಟಿಕೆ ಉಪ್ಪು ಬಂದಿದೆ, ಉಪ್ಪಿನಕಾಯಿ ಬಂದಿಲ್ಲ, ಬಿಪಿ ಇನ್ನೂ ಬಿಪಿಯೇ. ಕಳೆದ ವಾರದ ಸೋಡಿಯಂ ನೂರ ಮೂವತ್ತಾರು. ಅತ್ತೆ ಕೆಲವೊಮ್ಮೆ ಮಾತಿನ ನಡುವೆ ಒಂದು ಕ್ಷಣ ನಿಲ್ಲುತ್ತಾಳೆ, ಪದ ಬರುತ್ತದೆ. ಸರಿಯಾಗಿ ಏರಿಸಿದವರಿಗೆ, ಓಡಿದಾಗ ಹಿಡಿದು ನಿಲ್ಲಿಸಿದವರಿಗೆ ನಾನು ಋಣಿ. ಪೂರ್ತಿ ಗುಣವಾಯಿತು ಎಂಬ ಮಾತನ್ನು ಸದ್ಯಕ್ಕೆ ಬಳಸುತ್ತಿಲ್ಲ.

ಮೊನ್ನೆ ರಿಪೋರ್ಟುಗಳನ್ನು ಜೋಡಿಸುವಾಗ ಡಾಕ್ಟರ್ ಮಾತ್ರೆ ಬರೆದುಕೊಟ್ಟ ಹಳೆಯ ಚೀಟಿಯೊಂದು ಸಿಕ್ಕಿತು. ಆ ಬಿಪಿ ಮಾತ್ರೆ ಶುರುವಾದದ್ದು ನಮ್ಮ ಉಪ್ಪಿನ ಚರ್ಚೆಗೆ ಮೂರು ವಾರ ಮೊದಲು. ಅಂದರೆ ಚರ್ಚೆಯ ಆ ದಿನ ಅವಳ ಸೋಡಿಯಂ ಆಗಲೇ ಇಳಿಯತೊಡಗಿದ್ದಿರಬಹುದು. ಇಳಿಯದೆಯೂ ಇದ್ದಿರಬಹುದು. ಆವತ್ತು ಯಾರೂ ರಕ್ತ ತೆಗೆದಿರಲಿಲ್ಲ. ಈ ಕೇಸಿಗೆ ಇನ್ನು ಒಬ್ಬಳೇ ಸಾಕ್ಷಿ.

ಅವಳು ಹಾಲ್‌ನಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಎದುರು ಹೋಗಿ ಕೂತೆ.

"ಅತ್ತೆ, ಆವತ್ತು ಊಟಕ್ಕೆ ಕೂತಾಗ ನಿನ್ನ ಮೂರು ನಿಮಿಷ ನೀನು ಬಿಟ್ಟುಕೊಟ್ಟೆ. ನನ್ನ ವಾದಕ್ಕೆ ಉತ್ತರ ನಿನಗೆ ಆಗಲೇ ಹೊಳೀತಿರ್ಲಿಲ್ವಾ? ಇಲ್ಲಾ ಹೊಳೆದ್ರೂ ನಾನು ಗೆಲ್ಲಲಿ ಅಂತ ಸುಮ್ನಿದ್ಯಾ?"