ಡುಬ್ಬವಿಲ್ಲದ ಹೋರಿಗರುಗಳು

ಖರ್... ಖರ್... ಖರ್. ಒರಟು ನಾಲಿಗೆಯಿಂದ ಮಣ್ಣಿನ ಗೋಡೆ ನೆಕ್ಕುವ ಸದ್ದು. ಗಂಗಾವತಿಯ ನಮ್ಮ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಹೋರಿಗರುಗಳು ಹಗಲೆಲ್ಲ ಗೋಡೆ ನೆಕ್ಕುತ್ತಿದ್ದವು. ಸುಣ್ಣ ಹೋಗಿ, ಮಣ್ಣು ಹೋಗಿ, ಒಳಗಿನ ಹುಲ್ಲಿನ ಎಳೆ ಹೊರಗೆ ಬಂದಿತ್ತು. ಸಿಕಂದರಾಬಾದಿನ ಕಾನ್ವೆಂಟಿನಿಂದ ರಜೆಗೆ ಬಂದ ನಾನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಹುಳಿತ ಗಂಜಿ, ಬೇದಿ, ಕೀವು. ಈ ವಯಸ್ಸಿನಲ್ಲೂ ಒಮ್ಮೊಮ್ಮೆ ಹಾಲು ಕಾಯಿಸುವಾಗ ಆ ವಾಸನೆ ಎದ್ದು ಬಂದಂತಾಗಿ ಕಿಟಕಿ ತೆರೆಯುತ್ತೇನೆ. ರಿವೋಲ್ಟಿಂಗ್ ಎನ್ನುವ ಶಬ್ದವನ್ನು ನಮ್ಮ ಸಿಸ್ಟರ್ ಕಲಿಸಿದ್ದರು. ಹೇಸಿಗೆ ಎಂಬ ಅದರ ಅರ್ಥ ಕಲಿಸಿದ್ದು ಆ ಕೊಟ್ಟಿಗೆ.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ಅಪ್ಪನದು ಭತ್ತದ ವ್ಯಾಪಾರ, ಆದರೆ ತಲೆಯಲ್ಲಿ ಹಾಲಿನ ಡೈರಿಯ ಹುಚ್ಚು. ಯಾವುದೋ ದಂಡಿನ ಊರಿನಿಂದ ಅರ್ಧ ವಿಲಾಯಿತಿ ತಳಿಯ ಆಕಳುಗಳನ್ನು ಕೊಂಡು, ರೈಲಿನಲ್ಲಿ ಕೊಪ್ಪಳಕ್ಕೆ ತಂದು, ಅಲ್ಲಿಂದ ನಡೆಸಿಕೊಂಡು ಬಂದಿದ್ದರು. ಕಪ್ಪು ಬಿಳುಪಿನ ಆ ಆಕಳುಗಳು ಕೊಡುತ್ತಿದ್ದ ಹಾಲು ನೋಡಲು ಜನ ಬರುತ್ತಿದ್ದರು. ಅಪ್ಪ ಮೀಸೆ ತಿರುವುತ್ತ, "ಇದಕ್ಕ ಸೈನ್ಸ್ ಅಂತಾರ್ರಿ" ಎನ್ನುತ್ತಿದ್ದರು.

ಆದರೆ ಅವು ಗಂಡುಗರುಗಳನ್ನೂ ಹಾಕಿದವು. ಆ ಕರುಗಳಿಗೆ ಹೆಗಲ ಮೇಲೆ ಡುಬ್ಬವಿರಲಿಲ್ಲ. ಬೆನ್ನು ಮೇಜಿನ ಹಾಗೆ ಚಪ್ಪಟೆ. ಡುಬ್ಬವಿಲ್ಲದಿದ್ದರೆ ನೊಗ ನಿಲ್ಲುವುದೆಲ್ಲಿ? ಅಪ್ಪ ಸ್ವಲ್ಪ ಬಲಿತವನ್ನು ತಾವರಗೇರಾ ಸಂತೆಗೆ ಹೊಡೆಸಿಕೊಂಡು ಹೋದರೆ ಒಕ್ಕಲಿಗರು ಸುತ್ತ ನಿಂತು ನಕ್ಕರಂತೆ.

"ಸಾವಕಾರ್ರ, ಇದರ ಮ್ಯಾಲೆ ನೊಗ ಇಟ್ರ ಜಾರಿ ಕಿವೀಗೆ ಬಂದು ನಿಂದರ್ತೈತಿ!"

"ಬಿಸಿಲಾಗ ನಾಲಿಗಿ ಹೊರಗ ಹಾಕೇತಿ ನೋಡ್ರಿ. ದೊರಿ ಮಗಾ ಇದು, ಛತ್ರಿ ಹಿಡೀರಿ ಇದಕ್ಕ."

ಕರುಗಳು ವಾಪಸ್ಸು ಬಂದವು. ಆಗಲೇ ಅಪ್ಪನ ಕಿವಿಗೆ ಇನ್ನೊಂದು ಸುದ್ದಿ ಬಿತ್ತು: ಲಷ್ಕರಿ ಕ್ಯಾಂಪಿಗೆ ಮಾಂಸ ಒದಗಿಸುವ ಗುತ್ತೇದಾರನೊಬ್ಬ ಜಾನುವಾರು ಹುಡುಕುತ್ತಿದ್ದಾನೆ. ಅಪ್ಪ ಆ ಮಾತನ್ನು ಕನ್ನಡದಲ್ಲಿ ಎಂದೂ ಆಡಲಿಲ್ಲ. ಊಟದ ಮಣೆಯ ಮೇಲೆ ಕೂತು, ನನ್ನ ಕಡೆ ಮಾತ್ರ ತಿರುಗಿ, "ಬೀಫ್ ಮಾರ್ಕೆಟ್" ಎಂದರು. ಇಂಗ್ಲಿಷಿನಲ್ಲಿ ಹೇಳಿದರೆ ಪಾಪ ಅಂಟುವುದಿಲ್ಲವೆಂದು ನಂಬಿದ್ದರೋ ಏನೋ. ವಿಭೂತಿ ಹಚ್ಚಿದ ಆ ಹಣೆಯನ್ನು ನೋಡಿ ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ.

ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ತಮ್ಮನ ಮುಖ ಓದಲು ಬರುತ್ತಿತ್ತು. ಅಪ್ಪನ ಅಕ್ಕ ಆಕೆ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವಳು. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು. ಆ ಕರುಗಳನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು.

"ತಮ್ಮಾ," ಎಂದಳು, ಬಡಿಸುವ ಸೌಟು ಹಿಡಿದೇ. "ಸಾಯೋದಾದ್ರ ನನ್ನ ಕೈಯಾಗ ಸಾಯಲಿ. ಕಡಿಯೋರಿಗೆ ಹಗ್ಗ ಕೊಟ್ಟಿ ಅಂದ್ರ ಅವತ್ತ ನಾ ಈ ಮನಿ ಬಿಟ್ಟೆ."

"ಯಾರು ಕೊಡ್ತಾರ ಅಂದ್ರು ಅಕ್ಕಾ? ನೀ ಸುಮ್ನ ಸಾರು ಹಾಕು."

ಅವಳು ಆಡಿದ್ದನ್ನು ಮಾಡುವವಳೆಂದು ನನಗೆ ಗೊತ್ತಿತ್ತು. ಆ ರಜೆಯೆಲ್ಲ ನನಗಿದ್ದುದು ಅದೊಂದೇ ಭಯ.

ಕರುಗಳೇನು ಬದುಕುವ ಹಾಗಿದ್ದವೆಂದಲ್ಲ. ನಮ್ಮಲ್ಲಿ ಆಕಳು ಈದರೆ ಮೊದಲ ಹಾಲಿನಲ್ಲಿ ಗಿಣ್ಣ ಮಾಡಿ ಮನೆಮನೆಗೆ ಹಂಚುವುದು ಮರ್ಯಾದೆ. ತಹಸೀಲ್ದಾರರ ಮನೆಗೆ ಒಂದು ಪಾತ್ರೆ, ವಕೀಲರ ಮನೆಗೆ ಒಂದು ಪಾತ್ರೆ. ವಿಲಾಯಿತಿ ಆಕಳ ಗಿಣ್ಣವೆಂದರೆ ಕೇಳಬೇಕೆ! ಗಂಡುಗರುವಿನ ಬಾಯಿಗೆ ಬಿದ್ದದ್ದು ಮಜ್ಜಿಗೆ ಬೆರೆಸಿದ ಗಂಜಿ. ಆ ಮೊದಲ ಹಾಲಿನಲ್ಲೇ ಕರುವಿನ ರೋಗ ತಡೆಯುವ ಶಕ್ತಿ ಇರುತ್ತದೆಂದು ಎಷ್ಟೋ ವರ್ಷಗಳ ಮೇಲೆ ಮ್ಯಾಗಜೀನ್ ಒಂದರಲ್ಲಿ ಓದಿದೆ. ನಾವು ಅದಕ್ಕೆ ಬೆಲ್ಲ ಏಲಕ್ಕಿ ಹಾಕಿ ತಿಂದು ಬೆರಳು ಚೀಪಿದ್ದೆವು.

ಕರುಗಳ ಹೊಟ್ಟೆ ಗಡಿಗೆಯ ಹಾಗೆ, ಕಾಲು ಕಡ್ಡಿಯ ಹಾಗೆ. ಕಿವಿಯೊಳಗೆ ಹುಣಸೆ ಬೀಜದಂಥ ಉಣ್ಣೆಗಳು, ಒತ್ತಿದರೆ ರಕ್ತ. ಬಾಲದ ಬುಡವೆಲ್ಲ ಹಸಿರು ಬೇದಿ ಮೆತ್ತಿ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಬೇದಿಗೆ ಅತ್ತೆ ಬಲ್ಲ ಮದ್ದು ಒಂದೇ, ಬರೆ. ಕುಡುಗೋಲನ್ನು ಕೆಂಪಗೆ ಕಾಯಿಸಿ ಹೊಟ್ಟೆಯ ಎರಡೂ ಕಡೆ ಗೆರೆ ಎಳೆದಳು. ಅಳುತ್ತಲೇ ಎಳೆದಳು. ಕೂದಲು ಸುಟ್ಟ ಹೊಗೆ ಅಡಿಗೆಮನೆಯವರೆಗೆ ಬಂತು.

"ಅತ್ತಿ, ದಿಸ್ ಈಸ್ ಕ್ರುಯೆಲ್!" ಎಂದು ನಾನು ಕೂಗಿದೆ.

"ಏನಂದ್ಯವ್ವಾ?"

"ಪಾಪ ಅಂದೆ."

"ಪಾಪ ಖರೆ. ಹಿಂಗ ಬಿಟ್ರ ಉಳಿಯಂಗಿಲ್ಲಲ್ಲ, ಏನ್ ಮಾಡ್ಲಿ?"

ಬೇದಿ ನಿಲ್ಲಲಿಲ್ಲ. ಬರೆಗಳು ಹುಣ್ಣಾದವು, ಹುಣ್ಣಿಗೆ ನೊಣ ಕೂತವು, ಹುಳ ಬಿದ್ದವು. ಅತ್ತೆ ಸೀತಾಫಲದ ಎಲೆ ಅರೆದು ಹಚ್ಚಿ ಕಡ್ಡಿಯಿಂದ ಹುಳ ತೆಗೆಯುತ್ತಿದ್ದಳು. ಅದೇ ಕೈ ತೊಳೆದು ಬಂದು ನನ್ನ ಜಡೆ ಹಾಕುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ಅಂಥ ದಿನಗಳಲ್ಲೇ ಗುತ್ತೇದಾರ ಬಂದ. ಬಿಳಿ ಜುಬ್ಬಾ, ಕಿವಿಯಲ್ಲಿ ಅತ್ತರಿನ ಹತ್ತಿ. ಸಂತೆಯ ಪದ್ಧತಿಯಂತೆ ಅಪ್ಪ ಟವೆಲ್ಲಿನ ಕೆಳಗೆ ಕೈ ಚಾಚಿದರು, ಬೆರಳು ಹಿಡಿದು ದರ ಮಾತಾಡಲು. ಅವನು ಕೈ ಕೊಡಲೇ ಇಲ್ಲ. ಒಂದು ಕರುವಿನ ಪಕ್ಕೆ ಒತ್ತಿ ನೋಡಿ, ಕೈಯನ್ನು ಗೋಡೆಗೆ ಒರೆಸಿಕೊಂಡ.

"ಹೊಟ್ಟಿ ಒಂದ ಐತ್ರಿ, ಮೈಯಾಗ ಏನಿಲ್ಲ. ತೊಗಲಿನ ಮ್ಯಾಲೆ ಇದೇನ್ರಿ ಇದು, ರಂಗೋಲಿ?"

"ಬರಿ ಎಳೆದದ್ದು. ಜುಲಾಬು ಹತ್ತಿತ್ತು."

"ನಮಗ ಅರ್ಧ ಗಳಿಕಿ ತೊಗಲಿಂದ ಸಾವಕಾರ್ರ. ಗೆರಿ ಬಿದ್ದ ತೊಗಲು ಯಾರು ಒಯ್ತಾರ? ಹಿಂಡಿ ಹಾಕಿ ಮೈಗೂಡಸ್ರಿ, ಆಮ್ಯಾಲೆ ನೋಡೂಣು."

"ಹಿಂಡಿ ಇವಕ್ಕ ಹಾಕಿದ್ರ ಹಾಲಿನ ಆಕಳಿಗೆ ನಿಮ್ಮಪ್ಪ ಹಾಕ್ತಾನೇನು?" ಅಪ್ಪ ಸಿಡುಕಿದರು. ಆಮೇಲೆ ಧ್ವನಿ ಇಳಿಸಿದರು. "ಹೋಗ್ಲಿ, ಸಿಕ್ಕಿದ್ದಕ್ಕ ಹೊಡ್ಕೊಂಡು ಹೋಗು. ನನ್ನ ಕೊಟ್ಟಿಗಿ ಖಾಲಿ ಆದ್ರ ಸಾಕು. ಆದ್ರ ಹಗ್ಗ ಹಿಡಿಯೋ ಮುಂದ ರೂಢಿಯ ಮಾತು ಅನ್ನಬೇಕು. ನಮ್ಮ ಅಕ್ಕ ಕೇಳೋಹಂಗ."

ನಮ್ಮ ಕಡೆ ಆಕಳು ಹೋರಿ ಮಾರುವವರು ಹಗ್ಗ ಕೊಡುವಾಗ ಕೊಳ್ಳುವವನಿಂದ ಒಂದು ಮಾತು ಆಡಿಸುತ್ತಿದ್ದರು: ಒಕ್ಕಲುತನಕ್ಕೆ ಒಯ್ಯುತ್ತೇನೆ, ಎಂದು. ಅಷ್ಟು ಕಿವಿಗೆ ಬಿದ್ದರೆ ಮಾರಿದವರ ಕೈ ತೊಳೆದ ಹಾಗೆ. ಹೌ ಕನ್ವೀನಿಯಂಟ್! ನಮ್ಮ ಧರ್ಮವನ್ನೆಲ್ಲ ನಾವು ಆ ಒಂದು ವಾಕ್ಯದೊಳಗೆ ಬಚ್ಚಿಟ್ಟಿದ್ದೆವು. ನೆನೆದರೆ ಹುಳ ಬಿದ್ದ ಹುಣ್ಣಿಗಿಂತ ಹೆಚ್ಚು ಹೇಸಿಗೆ ನನಗೆ ಅದೇ.

ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿದ್ದಳು. ಗುತ್ತೇದಾರ ಹಗ್ಗ ಹಿಡಿದು, ನೆಲ ನೋಡುತ್ತ ಹೇಳಿದ:

"ಒಕ್ಕಲುತನಕ್ಕ ಒಯ್ತೀನ್ರಿ."

ಅತ್ತೆ ಕರುವಿನ ಚಪ್ಪಟೆ ಹೆಗಲ ಮೇಲೆ ಅಂಗೈ ಇಟ್ಟಳು.

"ನೊಗ ಎಲ್ಲಿ ಇಡ್ತೀಯಪ್ಪಾ?"

ಗುತ್ತೇದಾರನ ಮುಖ ಕೆಂಪಾಯಿತು. "ಸಾವಕಾರ್ರ, ಹಿರೇರ ಮುಂದ ನನ್ನ ಕೈಲೆ ಸುಳ್ಳು ಯಾಕ ಆಡಸ್ತೀರಿ?" ಎಂದು ಹಗ್ಗ ಬಿಟ್ಟ.

ಅಪ್ಪ ಹಗ್ಗವನ್ನು ನೆಲದಿಂದ ಎತ್ತಿ ಮತ್ತೆ ಅವನ ಕೈಗೆ ತುರುಕಿದರು. "ತೊಗಲು ಕೆಡಿಸಿದಾಕಿ ನೀನ. ಈಗ ನ್ಯಾಯ ಹೇಳಾಕ ಬಂದಿ. ಒಳಗ ನಡಿ ಅಕ್ಕಾ."

ಅತ್ತೆ ಒಳಗೆ ಹೋದಳು. ಗುತ್ತೇದಾರ ಕರುಗಳನ್ನು ಹಿತ್ತಲಿಂದ ಹೊಡೆದುಕೊಂಡು ಹೋದ. ಅತ್ತೆ ಎರಡು ಸೀರೆ ಗಂಟು ಕಟ್ಟಿಕೊಂಡು ಮುಂಬಾಗಿಲಿಂದ ಹೊರಬಂದಳು. ನಾನು ಸೆರಗು ಹಿಡಿದು ಎಳೆದೆ. ಬೆರಳು ಬಿಡಿಸಿ, ಕೆನ್ನೆ ಸವರಿ, ಕನಕಗಿರಿಯ ಕಡೆ ಹೊರಟಿದ್ದ ಬಂಡಿ ಹತ್ತಿದಳು. ಅಲ್ಲಿ ಅವಳ ಗಂಡನ ಕಡೆಯ ದೂರದ ನೆಂಟರಿದ್ದರು. ಅಪ್ಪ ಕರೆಯಲು ಹೋಗಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಜ್ವರ ಬಂದು ವಿಲಾಯಿತಿ ಆಕಳುಗಳೂ ಒಂದೊಂದಾಗಿ ಸತ್ತವು, ಸೈನ್ಸೂ ಸತ್ತಿತು. ನಾನು ಸಿಕಂದರಾಬಾದಿಗೆ ಮರಳಿದೆ. ಅಲ್ಲಿ ಭಾನುವಾರದ ಡೈನಿಂಗ್ ಹಾಲಿನಲ್ಲಿ ದೂರದ ಟೇಬಲ್ಲಿನಿಂದ ಬೀಫ್ ರೋಸ್ಟಿನ ವಾಸನೆ ಬಂದರೆ ಎದ್ದು ಹೊರಗೆ ಓಡುತ್ತಿದ್ದೆ. "ಸಚ್ ಎ ಡೆಲಿಕೇಟ್ ಸ್ಟಮಕ್!" ಎಂದು ಸಿಸ್ಟರ್ ನಗುತ್ತಿದ್ದರು.

ಮುಂದೊಂದು ರಜೆಯಲ್ಲಿ ಕನಕಗಿರಿಯ ಸಂತೆಯಲ್ಲಿ ಅತ್ತೆಯನ್ನು ಕಂಡೆ. ಗೋಣಿಚೀಲ ಹಾಸಿ, ನೆಂಟರ ಮನೆಯ ಬದನೆಕಾಯಿ ಗುಡ್ಡೆ ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು. ಸಾವಕಾರರ ಮನೆಯ ಹೆಣ್ಣುಮಗಳು!

"ಭಾಳ ಸೊರಗಿಯಲ್ಲವ್ವಾ. ಅಲ್ಲಿ ಊಟ ಛಲೋ ಹಾಕಂಗಿಲ್ಲೇನು?"

"ಮನಿಗೆ ಬಾ ಅತ್ತಿ."

"ನಿಮ್ಮಪ್ಪ ಬಾ ಅಂದಾನೇನು?"

ನಾನು ಗೋಣಿಚೀಲದ ಎಳೆ ಕೀಳತೊಡಗಿದೆ. ಅವಳು ನಕ್ಕಳು. ಅಷ್ಟರಲ್ಲಿ ಯಾರೋ ಹೆಂಗಸು ಬಂದು ಬದನೆಕಾಯಿಯೊಂದನ್ನು ಹಿಚುಕಿ, ಇದು ಹುಳುಕು ಎಂದಳು. "ಹುಳುಕಿದ್ರ ನಾನ ಒಗೀತಿದ್ದೆ ತಂಗಿ, ನಿನಗ ಕೊಡ್ತಿದ್ದಿಲ್ಲ," ಎಂದು ಅತ್ತೆ ಅದನ್ನು ಎರಡಾಗಿ ಮುರಿದು ಬೆಳ್ಳಗಿನ ಒಳಭಾಗ ತೋರಿಸುತ್ತಿದ್ದಳು. ನಾನು ಬಂಡಿಯ ಕಡೆ ನಡೆದೆ. ಅವಳನ್ನು ಕಂಡದ್ದು ಅದೇ ಕೊನೆ.